ಸೊಂಟದ ಹಗ್ಗದ ಪಟ್ಟು

ರಸ್ತೆಯ ಮೇಲೆ ಬಾಗಿದ್ದ ದೊಡ್ಡ ಕೊಂಬೆಯನ್ನು ಕಡಿಯಲು ಬೆಳ್ಯಪ್ಪ ಮರ ಹತ್ತಿದರು. ಮೇಲಿನ ಕವಲಿನಿಂದ ಇಳಿಬಿಟ್ಟ ಹಗ್ಗ ಅವರನ್ನು ಹೊತ್ತಿತ್ತು. ಆದರೂ ಯಂತ್ರಗರಗಸವನ್ನು ಚಾಲೂ ಮಾಡುವ ಮೊದಲು, ಎಂದಿನಂತೆ, ಸೊಂಟದ ಹಗ್ಗವನ್ನೂ ಕಾಂಡಕ್ಕೆ ಸುತ್ತಿ ಬಿಗಿದರು.

ಗರಗಸ ನಕ್ಕು ಸೊಂಟದ ಹಗ್ಗಕ್ಕೆ ಹೇಳಿತು: "ತಲೆ ನರೆತ ಕಸುಬುದಾರನಿಗೆ ಎರಡೆರಡು ಹಗ್ಗವೇ? ನಿನ್ನನ್ನು ಕಟ್ಟುವಷ್ಟರಲ್ಲಿ ನಾನು ಅರ್ಧ ಕೊಂಬೆ ಕಡಿದಿರುತ್ತಿದ್ದೆ."

ಸೊಂಟದ ಹಗ್ಗ ಕೇಳಿತು: "ಮರದ ಸಂಗತಿಯೆಲ್ಲ ಅವರಿಗೆ ಗೊತ್ತು. ನೀನು ಯಾವಾಗ ಎಗರುತ್ತೀ ಎಂಬುದು ನಿನಗಾದರೂ ಗೊತ್ತೇ?"

"ನಾನೇ? ಇವರ ಕೈಯಲ್ಲಿ ನಾನು ಎಂದೂ ಎಗರಿಲ್ಲ!"

ಹಾಗೆಂದು ಗರಗಸ ಆರ್ಭಟಿಸುತ್ತ ಕೊಂಬೆಗೆ ಬಾಯಿ ಹಾಕಿತು. ಎಲೆಗಳ ಮರೆಯಲ್ಲಿದ್ದ ಗೆಣ್ಣೊಂದು ಮೂತಿಗೆ ತಾಗಿದ್ದೇ ತಡ, ಗರಗಸ ಹಿಂದಕ್ಕೆ ಎಗರಿ ಮೇಲಿನ ಹಗ್ಗವನ್ನು ಕತ್ತರಿಸಿಬಿಟ್ಟಿತು. ಬೆಳ್ಯಪ್ಪನವರ ಭಾರವೆಲ್ಲ ಸೊಂಟದ ಹಗ್ಗದ ಮೇಲೆ ಬಿತ್ತು. ಅದರ ಎಳೆ ಎಳೆಯೂ ನರಳಿತು. ಸತ್ತರೂ ಬಿಡೆನೆಂದು ಅದು ಕಾಂಡವನ್ನು ತಬ್ಬಿ ಹಿಡಿಯಿತು.

"ಬೆಳ್ಯಪ್ಪಣ್ಣಾ, ಸಾಕು, ಇಳಿದು ಬನ್ನಿ!" ಎಂದು ಕೆಳಗಿದ್ದ ಸಂಗಡಿಗರು ಕೂಗಿದರು.

"ಹೆದರಬೇಡಿ, ನನಗೇನೂ ಆಗಿಲ್ಲ. ಹೊಸ ಹಗ್ಗ ಕಳಿಸಿ!" ಎಂದರು ಅವರು.

ಹೊಸ ಹಗ್ಗ ಬಂತು. ಅದನ್ನು ಕಟ್ಟಿ, ಜಗ್ಗಿ ನೋಡಿ, ಅವರು ಮತ್ತೆ ಗರಗಸ ಹಿಡಿದರು. ಕೊಂಬೆ ಅವರು ಎಣಿಸಿದ ಜಾಗಕ್ಕೇ ಧೊಪ್ಪನೆ ಬಿತ್ತು. ಕೆಳಗೆ ಚಪ್ಪಾಳೆ, ಸಿಳ್ಳೆ. ಸೊಂಟದ ಹಗ್ಗ ಹೆಮ್ಮೆಯಿಂದ ಬೀಗಿತು.

ಗರಗಸ ಮೆಲ್ಲಗೆ ಹೇಳಿತು: "ಇವತ್ತು ಅವರು ನಿನ್ನಿಂದ ಉಳಿದರು."

"ನಾಳೆಯೂ ಉಳಿಯಬೇಕಲ್ಲ," ಎಂದಿತು ಹಗ್ಗ. "ನನ್ನನ್ನು ಕಟ್ಟುವ ತನಕ ನೀನು ಬಾಯಿ ತೆರೆಯಬೇಡ."