ಅರಸಿಯ ರತ್ನಗಂಬಳಿಗೆ ಮರಳಿ ಬಂದ ಕೆಂಪು

೧೯೬೧ನೇ ಇಸವಿ ಅಕ್ಟೋಬರ್ ೧೯, ಗುರುವಾರ. ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: "ನಡುಮನೆಯ ಜಮಖಾನದ ಮಾಸಿದ ಜಾಗಕ್ಕೆ ಬಣ್ಣ ಕಟ್ಟಲು ರೇವಮ್ಮ ಬಂದಳು. ಕೆಲಸ ಮಾಡುತ್ತಲೇ ಒಂದು ಕತೆ ಹೇಳಿದಳು. ಬಿ.ಎ. ಓದಿದ ನನಗೆ ತಿಳಿಯದ ಸಂಗತಿಗಳು ಅದರಲ್ಲಿದ್ದವು." ಅವಳ ಉಪಕಾರ ನೆನೆದು, ಅವಳು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಕುಂತಳಗೆರೆ ಎಂಬ ಪಟ್ಟಣದಲ್ಲಿ ಒಂದು ಬೆಳಿಗ್ಗೆ ಡಂಗುರ ಹೊಡೆದರು. ಅರಸಿ ಪದ್ಮಲೆಯ ರತ್ನಗಂಬಳಿಯಲ್ಲಿ ಒಂದು ಕೆಂಪು ಹೂವು ಬಣ್ಣ ಕಳೆದುಕೊಂಡಿದೆ. ಅದನ್ನು ಮೊದಲಿನಂತೆ ಮಾಡಿದವರು ಬೇಡಿದ್ದನ್ನು ಪಡೆಯಬಹುದು. ಆದರೆ ಕಂಬಳಿಯನ್ನು ಮುಟ್ಟುವ ಮೊದಲು ಅರಸಿಯ ಮೂರು ಒಗಟುಗಳನ್ನು ಬಿಡಿಸಬೇಕು. ತಪ್ಪಿದವರಿಗೆ ಸೆರೆ, ಮುಂದಿನ ಅಮಾವಾಸ್ಯೆಗೆ ತಲೆದಂಡ. ಯಾರಿಂದಲೂ ಆಗದಿದ್ದರೆ, ಹೂವನ್ನು ಕೆಡಿಸಿದ ಕೆಂಚವ್ವನಿಗೂ ಅಂದೇ ತಲೆದಂಡ.

ಕೆಂಚವ್ವ ಮೂವತ್ತು ವರ್ಷ ಆ ಒಡ್ಡೋಲಗದ ಕಸ ಗುಡಿಸಿದವಳು. ಕಂಬಳಿಯ ಮೇಲೆ ದೀಪದೆಣ್ಣೆ ಚೆಲ್ಲಿತ್ತು. ಗಾಬರಿಯಲ್ಲಿ ಅವಳು ಹತ್ತಿಬಟ್ಟೆ ಒಗೆಯುವ ಚೌಳುಮಣ್ಣು ಹಾಕಿ ಉಜ್ಜಿದಳು. ಎಣ್ಣೆಯೇನೋ ಹೋಯಿತು. ಉಣ್ಣೆಗೆ ಚೌಳು ಆಗದು. ಎಣ್ಣೆಯ ಜೊತೆಗೆ ಬಣ್ಣವೂ ಹೋಗಿ, ಅಂಗೈಯಗಲದ ಹೂವು ಬೂದಿಯಂತಾಯಿತು. ಆ ಕಂಬಳಿಯನ್ನು ನೇಯ್ದವಳು ಅರಸಿಯ ತೀರಿಹೋದ ತಾಯಿ. ಅದಕ್ಕೇ ಅಷ್ಟು ಕೋಪ.

ಮೊದಲು ಬಂದವನು ಆಸ್ಥಾನದ ಚಿತ್ರಗಾರ ಸಿಂಗಣ್ಣ. ಅರಸಿ ಕೇಳಿದಳು: "ಅಕ್ಕತಂಗಿಯರು ಇಬ್ಬರು. ಅಕ್ಕ ಬಿಸಿಲು ಕಂಡು ಬಾಡಿದಳು, ತಂಗಿ ಹೊರಗೆ ಬಂದವಳೇ ಅಲ್ಲ. ಅಕ್ಕನ ಎಳೆತನದ ಮುಖ ನೋಡಬೇಕೆಂದರೆ ತಂಗಿಯನ್ನೇ ನೋಡಬೇಕು. ಯಾರವಳು?" ಸಿಂಗಣ್ಣ ನಕ್ಕು, ಇಷ್ಟೇನಾ, ನಾನು ಬರೆಯುವ ಚಿತ್ರಪಟ ಎಂದ. ಅವನನ್ನು ಸೆರೆಗೆ ಕರೆದೊಯ್ದರು.

ಆಮೇಲೆ ಬಂದವನು ಮಾಣಿಕಶೆಟ್ಟಿ. ಊರೂರಿಗೆ ಕಂಬಳಿ ಮಾರಿದವನಾದ್ದರಿಂದ ಅದೇ ಒಗಟಿಗೆ, ತಂಗಿ ಎಂದರೆ ಬಿಸಿಲು ಕಾಣದ ಕಂಬಳಿಯ ಬೆನ್ನು ಎಂದುಬಿಟ್ಟ. ಅರಸಿ ಎರಡನೆಯದನ್ನು ಕೇಳಿದಳು: "ಒದ್ದೆಯಾಗಿದ್ದಾಗ ಸುಳ್ಳು ಹೇಳುತ್ತದೆ, ಒಣಗಿದ ಮೇಲೆ ನಿಜ ಹೇಳುತ್ತದೆ. ಯಾವುದದು?" ಶೆಟ್ಟಿ ಮೀಸೆ ತಿರುವಿ, ಹೆಂಗಸಿನ ಕಣ್ಣು ಎಂದ. "ಮನೆಯಲ್ಲಿ ಹೆಂಡತಿಯನ್ನು ಬಹಳ ಅಳಿಸಿದ್ದೀರಿ ಅಂತ ಕಾಣುತ್ತದೆ ಶೆಟ್ಟರೇ," ಎಂದಳು ಅರಸಿ. ಅವನೂ ಸೆರೆಗೆ ಹೋದ. ಒಳಗೆ ಕೇಳಿದ ಒಗಟು ಹೊರಗೆ ಬರಲಿಲ್ಲ. ಹೋದವರು ಹೊರಗೆ ಬಂದರೆ ತಾನೆ!

ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಾಗ ಕೆಂಚವ್ವನ ಮಗ ತಿರಕ ಬಂದ. ಬಣ್ಣಗಾರರ ಕೇರಿಯಲ್ಲಿ ನೂಲು ಅದ್ದುವ ಕೆಲಸ ಅವನದು, ಮೊಣಕೈವರೆಗೂ ಕೆಂಪು. ಕಾವಲುಗಾರರು, ಮೊದಲು ಕೈ ತೊಳೆದುಕೊಂಡು ಬಾರೋ ಎಂದು ಆಡಿಕೊಂಡರು. ತೊಳೆದರೆ ಹೋಗುವ ಬಣ್ಣ ನಾನು ಹಾಕುವುದಿಲ್ಲ ಅಣ್ಣ ಎಂದು ಹೇಳಿ ಒಳಗೆ ಹೋದ.

ಮೊದಲನೆಯ ಒಗಟಿಗೆ ಅವನೂ ಕಂಬಳಿಯ ಬೆನ್ನನ್ನೇ ಹೇಳಿದ. ಎರಡನೆಯದಕ್ಕೆ ತನ್ನ ಕೈ ಚಾಚಿ, ಬಣ್ಣ, ತಾಯಿ ಎಂದ. ಒದ್ದೆ ನೂಲಿನಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಅದನ್ನು ನಂಬಿ ಕೈಬಿಟ್ಟವನ ನೂಲು ಮಾರನೆಯ ದಿನ ಪೇಲವವಾಗಿರುತ್ತದೆ ಎಂದು ವಿವರಿಸಿದ.

ಅರಸಿ ಮೂರನೆಯದನ್ನು ಕೇಳಿದಳು: "ಕಣ್ಣಿಗೆ ಕಂಡರೆ ಇನ್ನೂ ಮುಗಿದಿಲ್ಲ, ಕಾಣದೆ ಹೋದಾಗಲೇ ಮುಗಿಯಿತು. ಎಂಥ ಕೆಲಸವದು?"

ತಿರಕ ಬಗ್ಗಿ ಆ ಬೂದಿಬಣ್ಣದ ಹೂವನ್ನು ಮುಟ್ಟದೆಯೇ ನೋಡಿದ. "ಬಾಯಲ್ಲಿ ಹೇಳಿದರೆ ನೀವು ಒಪ್ಪಲಾರಿರಿ. ಹನ್ನೊಂದು ದಿನ ಕಂಬಳಿಯನ್ನು ನನ್ನ ಕೈಗೆ ಬಿಡಿ. ತಪ್ಪಿದರೆ ಅವ್ವನ ಜೊತೆ ನನ್ನ ತಲೆಯೂ ಇದೆ," ಎಂದ. ಉತ್ತರಕ್ಕೆ ಮೊದಲೇ ಕಂಬಳಿ ಮುಟ್ಟಿಸಬಾರದೆಂದು ಮಂತ್ರಿ ಅಡ್ಡಬಂದ. ಅರಸಿ ಬಿಟ್ಟುಕೊಟ್ಟಳು.

ತಿರಕ ಮೊದಲು ಹುಳಿ ಮಜ್ಜಿಗೆಯ ತಿಳಿಯಿಂದ ಚೌಳಿನ ಕ್ಷಾರ ತೆಗೆದ. ಬಣ್ಣ ಕಚ್ಚಲೆಂದು ಉಣ್ಣೆಗೆ ಪಟಿಕದ ನೀರು ಕುಡಿಸಿದ. ಕೆಂಪು ಬಿಡುವ ಮಂಜಿಷ್ಠದ ಬೇರು ಕುದಿಸಿ, ಬೇರೆ ಉಣ್ಣೆಯ ಎಳೆಗಳಿಗೆ ಹಚ್ಚಿ, ನೆರಳಲ್ಲಿ ಒಣಗಿಸಿ, ಕೆಡದ ಹೂವುಗಳ ಪಕ್ಕ ಹಿಡಿದು ನೋಡಿದ. ಏಳು ಸಲ ತಪ್ಪಿತು. ಅರಸಿ ಒಮ್ಮೆ ಬಂದು, ಬೆನ್ನಿನ ಕೆಂಪನ್ನೇ ಹಾಕಿದರೆ ಆಗದೇ ಎಂದು ಕೇಳಿದಳು.

"ಅದು ಕಂಬಳಿಯ ಹದಿನಾರರ ಪ್ರಾಯದ ಕೆಂಪು, ತಾಯಿ. ಈಗ ಅದಕ್ಕೆ ವಯಸ್ಸಾಗಿದೆ. ಒಂದೇ ಹೂವನ್ನು ಎಳೆಯದು ಮಾಡಿದರೆ ಅದೇ ಹೊಸ ಕಲೆ."

ದಾಳಿಂಬೆ ಸಿಪ್ಪೆಯ ರಸ ಬೆರೆಸಿ ಕೆಂಪಿನ ಹೊಳಪು ತಗ್ಗಿಸಿದ. ಅರಳೆ ಸುತ್ತಿದ ಕಡ್ಡಿಯಿಂದ ಒಂದೊಂದೇ ಎಳೆಗೆ ಹಚ್ಚಿದ.

ಹನ್ನೊಂದನೆಯ ದಿನ ಅರಸಿಯನ್ನು ಕರೆಸಿ, ಯಾವ ಹೂವು ತೋರಿಸಿ ಎಂದ. ಅವಳು ನಿಂತು ನೋಡಿದಳು, ಬಗ್ಗಿ ನೋಡಿದಳು, ಕೊನೆಗೆ ಮಂಡಿಯೂರಿ ಹೂವಿನಿಂದ ಹೂವಿಗೆ ಕೈಯಾಡಿಸಿದಳು. ಸಿಗಲಿಲ್ಲ. "ಎಲ್ಲಿತ್ತದು?"

"ಇದೇ ಉತ್ತರ, ತಾಯಿ. ಕೆಟ್ಟದ್ದನ್ನು ಸರಿಪಡಿಸುವ ಕೆಲಸ."

ಅರಸಿ ಅಲ್ಲೇ ಕುಳಿತುಬಿಟ್ಟಳು. ಮೂರೂ ಒಗಟುಗಳು ಅವಳ ತಾಯಿ ಮಗ್ಗದ ಮುಂದೆ ಕುಳಿತು ಕೇಳುತ್ತಿದ್ದಂಥವು; ಮೂರನೆಯದರ ಉತ್ತರ ಹೇಳುವ ಮೊದಲೇ ತಾಯಿ ತೀರಿಕೊಂಡಿದ್ದಳು. "ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ. ನನ್ನ ತಾಯಿಯ ಮಾತನ್ನು ನೀನು ತಂದುಕೊಟ್ಟೆ. ಏನು ಬೇಕು ಕೇಳು," ಎಂದಳು.

ತಿರಕ ಅವ್ವನ ಬಿಡುಗಡೆ ಕೇಳಿದ, ಸೆರೆಯಲ್ಲಿದ್ದ ಇಬ್ಬರದ್ದೂ ಕೇಳಿದ. ಅರಸಿ ಮೂವರನ್ನೂ ಬಿಡಿಸಿ, ಅರಮನೆಯ ಕಂಬಳಿಗಳನ್ನೆಲ್ಲ ಅವನ ವಶಕ್ಕೆ ಕೊಟ್ಟಳು. ಕೆಂಚವ್ವನ ಕೈಹಿಡಿದು ರತ್ನಗಂಬಳಿಯ ಮೇಲೆ ಕೂರಿಸಲು ಹೋದಳು. "ಬೇಡಿ ಅಮ್ಮಣ್ಣಿ, ಮತ್ತೆ ಕಲೆಯಾದೀತು," ಎಂದಳು ಕೆಂಚವ್ವ. "ಆಗಲಿ, ಮಗನಿದ್ದಾನಲ್ಲ," ಎಂದು ಅರಸಿ ಕೂರಿಸಿಯೇ ಬಿಟ್ಟಳು.

ಆ ಹೂವಿಗೆ ಕೊನೆಗೆ ತಗುಲಿದ್ದು ಇಷ್ಟು: ಮಂಜಿಷ್ಠದ ಬೇರು ಕಾಲು ಸೇರು, ಪಟಿಕ ನೆಲ್ಲಿಕಾಯಿ ಗಾತ್ರ, ಎರಡು ದಾಳಿಂಬೆಯ ಸಿಪ್ಪೆ, ಒಂದು ಬಟ್ಟಲು ಹುಳಿ ಮಜ್ಜಿಗೆ, ಹನ್ನೊಂದು ದಿನ. ತಲೆ ಒಂದೂ ಇಲ್ಲ.