ಎಮ್ಮೆಗಳ ಬೆನ್ನು ಮತ್ತು ಸುಧಾರಣಾ ಕೂಟ

ಎಮ್ಮೆಗಳ ನಾಡಿನಲ್ಲಿ ಹದಿನೈದು ವರ್ಷ ಬೆಳ್ಳಕ್ಕಿಗಳದ್ದೇ ಆಳ್ವಿಕೆ. ಉಣ್ಣಿ ಹೆಕ್ಕುತ್ತೇವೆಂದು ಬೆನ್ನು ಹತ್ತಿ ಕೂತವು ಇಳಿಯುವುದನ್ನೇ ಮರೆತಿದ್ದವು. ಸಂಸತ್ತಿನ ಚುನಾವಣೆ ಬಂದಾಗ ಕಾಗೆ, ಗೊರವಂಕ, ಕಾಜಾಣಗಳು ಸೇರಿ ಸುಧಾರಣಾ ಕೂಟ ಕಟ್ಟಿದವು. "ನಮ್ಮನ್ನು ಗೆಲ್ಲಿಸಿ. ನಿಮ್ಮ ಬೆನ್ನ ಮೇಲೆ ಇನ್ನು ಯಾರೂ ಕೂರುವುದಿಲ್ಲ" ಎಂದು ಸಾರಿದವು. ಎಮ್ಮೆಗಳು ಬಾಲ ಎತ್ತಿ ಮತ ಹಾಕಿದವು. ಕೂಟ ಭರ್ಜರಿಯಾಗಿ ಗೆದ್ದಿತು.

ಮರುದಿನ ಬೆಳಿಗ್ಗೆ ಒಂದೊಂದು ಬೆನ್ನ ಮೇಲೂ ಮೂರು ಮೂರು ಹಕ್ಕಿಗಳು.

"ಏನು ಸ್ವಾಮಿ ಇದು?" ಎಂದಿತು ಮುದಿ ಎಮ್ಮೆ.

"ಹಿಂದಿನವರು ಮಾಡಿದ ಹಾನಿಯನ್ನು ಪರಿಶೀಲಿಸುತ್ತಿದ್ದೇವೆ, ತಾಯಿ" ಎಂದಿತು ಅದರ ಬೆನ್ನಿನ ಹುಣ್ಣು ಕುಕ್ಕುತ್ತಿದ್ದ ಕಾಗೆ.

"ಇಳಿಯುವುದು ಯಾವಾಗ?"

"ಇಳಿಯಲು ಎಲ್ಲರೂ ಸಿದ್ಧ. ಮೊದಲು ಯಾರು ಇಳಿಯಬೇಕು ಅನ್ನುವುದೊಂದು ಕೂಟದಲ್ಲಿ ಇನ್ನೂ ತೀರ್ಮಾನವಾಗಿಲ್ಲ" ಎಂದಿತು ಗೊರವಂಕ.

ಮುದಿ ಎಮ್ಮೆ ಸೀದಾ ಕೆರೆಗಿಳಿದು ಕುತ್ತಿಗೆಯವರೆಗೆ ಮುಳುಗಿತು. ಉಳಿದ ಎಮ್ಮೆಗಳೂ ಹಿಂದೆಯೇ ಇಳಿದವು. ಹಕ್ಕಿಗಳು ಗಾಬರಿಯಿಂದ ಹಾರಿ ದಡದ ಜಾಲಿ ಮರ ಸೇರಿದವು.

ರೆಕ್ಕೆ ಕೊಡವಿಕೊಂಡು ಕಾಜಾಣ ಘೋಷಿಸಿತು: "ಮಹಾಜನಗಳೇ, ಕೊಟ್ಟ ಮಾತನ್ನು ಒಂದೇ ದಿನದಲ್ಲಿ ಉಳಿಸಿಕೊಂಡಿದ್ದೇವೆ. ನಿಮ್ಮ ಬೆನ್ನ ಮೇಲೆ ಈಗ ಯಾರೂ ಇಲ್ಲ. ದಯವಿಟ್ಟು ಮೇಲೆ ಬನ್ನಿ, ವಿಜಯೋತ್ಸವದ ಮೆರವಣಿಗೆ ಹೊರಡಬೇಕು."