ಕೋಡಿನ ಹಿಡಿಯ ಚಾಕು

ಹೊಳೆದಂಡೆಯ ಮಠಕ್ಕೆ ಬರುವಾಗ ಕೊಟ್ರೇಶ ಮನೆ ಬಿಟ್ಟಿದ್ದ, ಊರು ಬಿಟ್ಟಿದ್ದ, ಮುದ್ದಿನ ಮೀಸೆಯನ್ನೂ ಬೋಳಿಸಿಕೊಂಡಿದ್ದ. ಚಾಕುಗಳನ್ನು ಮಾತ್ರ ಬಿಡಲಾಗಿರಲಿಲ್ಲ.

ಒಂದು ಗಂಟು ತುಂಬ ಮಡಚುವ ಚಾಕುಗಳು. ಎಲ್ಲ ಹಳೇ ಕಾಲದ ಕಮ್ಮಾರರು ಮಾಡಿದವು. ಸಂತೆ ಸಂತೆ ಅಲೆದು ಕೂಡಿಸಿದ್ದ. ದಿನಾ ಬೆಳಿಗ್ಗೆ ಗಂಟು ಬಿಚ್ಚಿ, ಒಂದೊಂದಕ್ಕೂ ಎಣ್ಣೆ ಸವರಿ, ಕೂಸನ್ನು ಮಲಗಿಸಿದಂತೆ ಮತ್ತೆ ಮಲಗಿಸುತ್ತಿದ್ದ.

ಎರಡು ಚಾಕು ಮಾತ್ರ ಹಗಲೆಲ್ಲ ಅವನ ಮೈಮೇಲೇ ಇರುತ್ತಿದ್ದವು. ಎಡಗಿಸೆಯಲ್ಲಿ ಕಟ್ಟಿಗೆ ಹಿಡಿಯದು, ಕೆಲಸಕ್ಕೆ. ಬಲಗಿಸೆಯಲ್ಲಿ ಎಮ್ಮೆಕೋಡಿನ ಹಿಡಿಯದು. ಅದು ಯಾವ ಕೆಲಸಕ್ಕೂ ಅಲ್ಲ.

ಅದನ್ನು ಮಾಡಿದ ಕಮ್ಮಾರ ತೀರಿಹೋಗಿದ್ದ. ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಕೊಟ್ರೇಶ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಒಂದು ದಿನ ಗುರು ಬಸಲಿಂಗಜ್ಜ ಜಗಲಿಯ ಮೇಲೆ ನಿಂಬೆಹಣ್ಣು ಹಿಡಿದು ಕೂತಿದ್ದರು.

"ತಮ್ಮಾ, ಚಾಕು ಕೊಡು."

ಕೊಟ್ರೇಶ ಎಡಗಿಸೆಯದನ್ನು ತೆಗೆದುಕೊಟ್ಟ.

"ಆ ಇನ್ನೊಂದು?"

"ಹುಳಿ ತಾಗಿದ್ರ ಅಲಗು ಕಪ್ಪಾಗ್ತೈತ್ರಿ ಅಜ್ಜಾರ. ಅದರ್ಲೆ ಇನ್ನೂ ಏನೂ ಕೊಯ್ದಿಲ್ಲ."

"ಮತ್ಯಾಕ ದಿನಾ ಹೊತ್ಕೊಂಡು ತಿರಗತಿ?"

"ಹೊತ್ತು ಬಂದಾಗ ಬೇಕಾಗ್ತೈತಲ್ರಿ."

"ಹೌದಪಾ ಹೌದು," ಎಂದು ಅಜ್ಜ ನಕ್ಕು ಹಣ್ಣು ಕೊಯ್ದರು.

ಆ ಹೊತ್ತು ಬಂತು.

ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರಿತ್ತು. ದೋಣಿ ನಡೆಸುವ ಹುಲಿಗೆವ್ವ ಜನರನ್ನೆಲ್ಲ ದಡಕ್ಕೆ ಇಳಿಸಿ, ಖಾಲಿ ದೋಣಿಯ ಹಗ್ಗವನ್ನು ಕಲ್ಲುಗೂಟಕ್ಕೆ ಸುತ್ತುತ್ತಿದ್ದಳು. ಅಷ್ಟರಲ್ಲಿ ಸೆಳವು ದೋಣಿಯನ್ನು ತಿರುವಿ ಎಳೆಯಿತು. ಹಗ್ಗ ಬಿಗಿಯಿತು. ಅವಳ ಬಲಗೈ ಹಗ್ಗಕ್ಕೂ ಕಲ್ಲಿಗೂ ನಡುವೆ ಸಿಕ್ಕಿಬಿತ್ತು.

ಅವಳು ಕೂಗಿದ ಕೂಗಿಗೆ ಮಠದೊಳಗಿದ್ದವರೆಲ್ಲ ಹೊರಗೆ ಬಂದರು.

ಹತ್ತಿರವಿದ್ದವನು ಕೊಟ್ರೇಶ. ಓಡಿದ. ಬಲಗಿಸೆಗೆ ಕೈ ಹಾಕಿದ. ಕೋಡಿನ ಹಿಡಿಯ ಚಾಕುವನ್ನು ತೆಗೆದು ಟಕ್ಕನೆ ಬಿಚ್ಚಿದ.

ಹಗ್ಗ ಒದ್ದೆಯಾಗಿತ್ತು. ಎಳೆ ಎಳೆಯಲ್ಲೂ ಮರಳು ಕೂತಿತ್ತು.

ಕೊಟ್ರೇಶ ಆ ಮರಳನ್ನು ನೋಡಿದ. ಚಾಕು ಮಡಚಿದ. ಬಲಗಿಸೆಯಲ್ಲಿಟ್ಟ. ಎಡಗಿಸೆಯದನ್ನು ತೆಗೆದು, ಬಿಚ್ಚಿ, ಹಗ್ಗ ಕೊಯ್ದ.

ದೋಣಿ ತೇಲಿಹೋಯಿತು. ಹುಲಿಗೆವ್ವನ ಕೈ ಬಿಡಿಸಿಕೊಂಡು ಬಂತು. ಎರಡು ಬೆರಳು ಮಾತ್ರ ಉಳಿಯಲಿಲ್ಲ.

"ಇನ್ನೊಂದು ಚಣ ತಡ ಆಗಿದ್ರ ಕೈನ ಹೋಗ್ತಿತ್ತು," ಎಂದರು ಔಷಧಿ ಕಟ್ಟಿದ ವೈದ್ಯರು.

ಊರವರು ಕೊಟ್ರೇಶನ ಬೆನ್ನು ತಟ್ಟಿದರು. ಅವನಿಗೆ ಆ ಮಾತಿನ ಇನ್ನೊಂದು ಅರ್ಧ ಕೇಳಿಸುತ್ತಿತ್ತು. ಒಂದು ಚಣ ಮೊದಲಾಗಿದ್ದರೆ? ಯಾರೂ ನೋಡಿಲ್ಲವಲ್ಲ ಎಂದು ತುಟಿ ಬಿಚ್ಚದೆ ಉಳಿದ.

ಮರುದಿನ ಹುಲಿಗೆವ್ವನನ್ನು ಮಾತಾಡಿಸಲು ಹೋದ. ಅವಳು ಗುಡಿಸಲಲ್ಲಿ ಮಲಗಿದ್ದಳು. ಇವನನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು.

"ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾ ಆದ್ಯಪಾ ನೀ," ಎಂದಳು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು. "ಅಲ್ಲೋ, ಮೊದ್ಲು ಒಂದು ಚಾಕು ತಗದು ಮತ್ತ ಒಳಗ ಇಟ್ಟೆಲ್ಲ? ಅದು ಮೊಂಡಿತ್ತೇನು?"

"ಹೌದವ್ವಾ," ಎಂದುಬಿಟ್ಟ.

ಅಲ್ಲಿಂದ ಬಿದ್ದೆನೋ ಎದ್ದೆನೋ ಎಂದು ಹೊಳೆಗೆ ಓಡಿದ. ಕೋಡಿನ ಹಿಡಿಯ ಚಾಕುವನ್ನು ಕಿಸೆಯಿಂದ ತೆಗೆದು, ನೀರಿಗೆ ಎಸೆಯಲು ಕೈ ಎತ್ತಿದ.

"ಹೊಳಿಗೆ ಏನಪಾ ಕೊಯ್ಯೋದೈತಿ?"

ಹಿಂದೆ ಬಸಲಿಂಗಜ್ಜ ನಿಂತಿದ್ದರು. ಕೊಟ್ರೇಶ ಅಲ್ಲೇ ಕುಸಿದು ಕೂತು, ನಡೆದದ್ದನ್ನೆಲ್ಲ ಹೇಳಿದ. ಮರಳು, ಮಡಚಿದ್ದು, ಈಗಷ್ಟೇ ಆಡಿದ ಸುಳ್ಳು.

"ನೀವು ನಿನ್ನೆ ನೋಡಿದ್ರೇನ್ರಿ ಅಜ್ಜಾರ?"

"ನಾ ನೋಡಿದ್ದು ಇರ್ಲಿ. ನಿನ್ನ ಕೇಳಿದಾಕಿ ಯಾರು?"

"ಹುಲಿಗೆವ್ವ."

"ಮತ್ತ ನನಗ್ಯಾಕ ಹೇಳ್ತಿ?"

ಕೊಟ್ರೇಶ ಚಾಕುವನ್ನು ಬಲಗಿಸೆಗೆ ಹಾಕಿಕೊಂಡು ಎದ್ದ. ಬಂದ ದಾರಿಯಲ್ಲೇ ಹೋದ. ಗುಡಿಸಲ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದ.

"ಮೊಂಡಿರಲಿಲ್ಲವ್ವಾ. ಭಾಳ ಹರಿತ ಇತ್ತು. ಮರಳಿಗೆ ಗೀರು ಬೀಳ್ತೈತಿ ಅಂತ ಒಳಗ ಇಟ್ಟೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದರೆ ಸಾಕು ಎಂದೂ ಬೇಡಿಕೊಂಡಿದ್ದ. ಹುಲಿಗೆವ್ವ ಎಡಗೈ ಚಾಚಿದಳು.

"ತೋರ್ಸು," ಎಂದಳು.

ಅವನು ಕೊಟ್ಟ. ಅವಳು ಎಡಗೈಯೊಂದರಿಂದಲೇ ಬಿಚ್ಚಲು ನೋಡಿದಳು. ಆಗಲಿಲ್ಲ. ಅವನೇ ಬಿಚ್ಚಿಕೊಟ್ಟ. ಅವಳು ಅಲಗನ್ನು ಬಾಗಿಲ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ಹೊರಳಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ.

"ಚೆಂದ ಐತಿ," ಎಂದು ವಾಪಸು ಕೊಟ್ಟಳು. ಗೋಡೆಯ ಕಡೆ ಮಗ್ಗಲು ಬದಲಿಸಿ ಮಲಗಿದಳು.

ಕೊಟ್ರೇಶ ಮಠಕ್ಕೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಅಜ್ಜ ಜಗಲಿಯ ಮೇಲೆ ಕೂತಿದ್ದರು. ಅವರ ಕಾಲಿಗೆ ಬಿದ್ದು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ಮುಗೀತ್ರಿ ಅಜ್ಜಾರ. ಅದರ ಮ್ಯಾಲಿನ ಆಸೆ ಸುಟ್ಟು ಬೂದಿ ಆತು. ಇನ್ನ ನನಗ ಅದೂ ಒಂದು ಕಬ್ಬಿಣದ ತುಂಡು, ಅಷ್ಟ. ಆಣಿ ಮಾಡಿ ಹೇಳ್ತೀನ್ರಿ."

"ಆತು, ಏಳು," ಎಂದರು ಅಜ್ಜ. ಪಕ್ಕದ ಬುಟ್ಟಿಯಿಂದ ಒಂದು ನಿಂಬೆಹಣ್ಣು ಎತ್ತಿಕೊಂಡರು. "ಚಾಕು ಕೊಡು."

ಕೊಟ್ರೇಶ ಕಣ್ಣೊರೆಸಿಕೊಂಡು ಕಿಸೆಗೆ ಕೈ ಹಾಕಿ, ತೆಗೆದು, ಮುಂದೆ ಹಿಡಿದ.

ಅಜ್ಜ ಅದನ್ನು ತೆಗೆದುಕೊಳ್ಳಲಿಲ್ಲ. ಅವನ ಅಂಗೈಯನ್ನೇ ನೋಡುತ್ತ ಕೂತರು. ಯಾಕೆಂದು ಕೊಟ್ರೇಶನೂ ಬಗ್ಗಿ ನೋಡಿದ.

ಅಂಗೈಯಲ್ಲಿ ಇದ್ದದ್ದು ಕಟ್ಟಿಗೆ ಹಿಡಿಯ ಚಾಕು.

ಕೈ ಯಾವಾಗ ಎಡಗಿಸೆಗೆ ಹೋಯಿತೋ ಅವನಿಗೆ ತಿಳಿದೇ ಇರಲಿಲ್ಲ.

ಅಜ್ಜ ನಿಂಬೆಹಣ್ಣನ್ನು ಬುಟ್ಟಿಗೆ ವಾಪಸು ಹಾಕಿದರು.

"ಹುಲಿಗೆವ್ವ ಕಲ್ಲುಗೂಟದ ಹತ್ರ ಇನ್ನೂ ಕೂಗಾಕತ್ಯಾಳ, ಕೊಟ್ರೇಶ."